ಆರನೇ ವೇದಿಕೆ

ಚುಕ್ಕೆರಾಯರಿಗೆ ಆ ಹೆಸರನ್ನು ಹೆತ್ತವರು ಇಟ್ಟದ್ದಲ್ಲ, ಕಚೇರಿಯವರು ಇಟ್ಟದ್ದು. ಅವರ ಹೊಟ್ಟೆಪಾಡೇ ಚುಕ್ಕೆ ಇಡುವುದು. ದೊಡ್ಡ ಸಂಗೀತೋತ್ಸವಗಳಿಗೆ ಮೊಬೈಲಿನಲ್ಲಿ ನೋಡುವ ನಕ್ಷೆ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಅವರಿಗೆ ಕೆಲಸ. ವೇದಿಕೆ ಎಲ್ಲಿ, ಕುಡಿಯುವ ನೀರು ಎಲ್ಲಿ, ಶೌಚಾಲಯ ಎಲ್ಲಿ, ಕೈತಪ್ಪಿಹೋದ ಮಕ್ಕಳನ್ನು ಕೂರಿಸುವ ಡೇರೆ ಎಲ್ಲಿ ಎಂದು ಬಣ್ಣಬಣ್ಣದ ಚುಕ್ಕೆ ಇಡುತ್ತಾರೆ. ಚುಕ್ಕೆಯ ಮೇಲೆ ಬೆರಳಿಟ್ಟರೆ ಅಲ್ಲಿ ಯಾರು ಹಾಡುತ್ತಾರೆ, ಎಷ್ಟು ಹೊತ್ತಿಗೆ, ನಿಂತಲ್ಲಿಂದ ಅಲ್ಲಿಗೆ ಯಾವ ದಾರಿ ಎನ್ನುವುದೆಲ್ಲ ತೆರೆದುಕೊಳ್ಳುತ್ತದೆ. ಉತ್ಸವಕ್ಕೆ ಬಂದವರ ಒಂದು ಕೈಯಲ್ಲಿ ಸದಾ ಚಹಾದ ಲೋಟ ಇರುತ್ತದೆ, ಆದ್ದರಿಂದ ಒತ್ತುವ ಗುಂಡಿಗಳೆಲ್ಲ ಇನ್ನೊಂದು ಕೈಯ ಹೆಬ್ಬೆರಳಿಗೆ ಎಟುಕಬೇಕು ಎಂಬುದು ರಾಯರ ಸಿದ್ಧಾಂತ. ಈ ಸಿದ್ಧಾಂತವನ್ನು ಪರೀಕ್ಷಿಸಲು ಅವರು ಕಚೇರಿಯಲ್ಲಿ ದಿನವಿಡೀ ಎಡಗೈಯಲ್ಲಿ ಲೋಟ ಹಿಡಿದೇ ಓಡಾಡುತ್ತಿದ್ದರು. ಸೋಮಾರಿತನ ಎಂದು ಆಡಿಕೊಂಡವರಿಗೆ ಇದರ ಹಿಂದಿನ ತಪಸ್ಸು ಗೊತ್ತಿರಲಿಲ್ಲ.

ಅವರ ಒಂದೇ ಕೊರಗೆಂದರೆ, ಈ ಕೆಲಸ ಏನೆಂದು ಹೆಂಡತಿಯ ತವರಿನಲ್ಲಿ ಯಾರಿಗೂ ಅರ್ಥವಾಗದಿದ್ದದ್ದು. ಆ ಮನೆಯ ಹಿರಿ ಅಳಿಯ ಹಲ್ಲಿನ ಡಾಕ್ಟರು. ಆತ ತನ್ನ ಕೆಲಸ ವಿವರಿಸಬೇಕಾದರೆ ಎದುರಿಗಿದ್ದವರಿಗೆ "ಬಾಯಿ ತೆಗೀರಿ" ಅಂದರೆ ಸಾಕು. ರಾಯರು ವಿವರಿಸಲು ಹೊರಟರೆ ಜನ ತಾವಾಗಿಯೇ ಬಾಯಿ ತೆರೆಯುತ್ತಿದ್ದರು, ಆದರೆ ಅದು ಆಕಳಿಕೆ.

ಒಂದು ಭಾನುವಾರ ಮಾವನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಡಾಕ್ಟರು ಒಬ್ಬ ದೊಡ್ಡ ಅಧಿಕಾರಿಯ ದವಡೆಹಲ್ಲು ಕಿತ್ತ ಪ್ರಸಂಗವನ್ನು ಹೇಳುತ್ತಿದ್ದರು. ಹಲ್ಲು ಹೊರಬರುವ ಹೊತ್ತಿಗೆ ಅತ್ತೆ ಎರಡು ಸಲ ಕಣ್ಣು ಮುಚ್ಚಿಕೊಂಡಿದ್ದರು, ಮಾವ ಕುರ್ಚಿಯ ತುದಿಗೆ ಬಂದಿದ್ದರು. ಕಥೆ ಮುಗಿದ ಮೇಲೆ ಮಾವ ಮರ್ಯಾದೆಗೆಂದು ಈ ಕಡೆ ತಿರುಗಿದರು.

"ನಿಮ್ಮದೇನು ನಡೀತಿದೆ ಅಳಿಯಂದ್ರೆ? ಅದೇ ಮೊಬೈಲಾ?"

ಆ "ಅದೇ ಮೊಬೈಲಾ" ಎಂಬುದು ರಾಯರ ಮನಸ್ಸಿಗೆ ಮುಳ್ಳಿನಂತೆ ನಾಟಿತು. ನೆಟ್ಟಗೆ ಕೂತು, ಕೈಯಲ್ಲಿದ್ದ ಮೊಬೈಲನ್ನು ಮೇಲೆತ್ತಿ, "ಬರೋ ವಾರ ಕೆರೆ ಮೈದಾನದಲ್ಲಿ ಸಂಗೀತೋತ್ಸವ ಇದೆಯಲ್ಲ ಮಾವ, ಅದು ಪೂರ್ತಿ ನನ್ನ ಕೈಯಲ್ಲೇ ಇದೆ" ಎಂದರು.

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಮೊಬೈಲು ಕೈಯಲ್ಲಿತ್ತು, ಉತ್ಸವ ಮೊಬೈಲಿನಲ್ಲಿತ್ತು. ಆದರೆ ಕೇಳಿದವರಿಗೆ ಬೇರೆ ಅರ್ಥವಾದರೆ ಅದಕ್ಕೆ ಹೇಳಿದವರು ಹೊಣೆಯೇ?

ಮಾವನ ಮುಖ ಅರಳಿದ್ದನ್ನು ಕಂಡು ರಾಯರಿಗೆ ಮೊದಲು ಖುಷಿಯಾಯಿತು. ಆಮೇಲೆ ಅದು ಅರಳುತ್ತಲೇ ಹೋದದ್ದನ್ನು ಕಂಡು ದಿಗಿಲಾಯಿತು.

ಮಾವ ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಕೂಗುವ ಕೆಲಸದಿಂದ ನಿವೃತ್ತರಾದವರು. ಇಡೀ ನೌಕರಿಯನ್ನು ಗೋಡೆಗೆ ಮುಖ ಮಾಡಿದ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಹೇಳುತ್ತ ಕಳೆದಿದ್ದರು. ಅಷ್ಟು ವರ್ಷ ಮೈಕಿನ ಮುಂದೆ ಇದ್ದವನಿಗೆ ಸಂಗೀತ ತಾನಾಗಿ ಬಂದಿರುತ್ತದೆ ಎಂಬುದು ಅವರ ದೃಢವಾದ ನಂಬಿಕೆ. ಸ್ನಾನದ ಮನೆಯಲ್ಲಿ ದಿನಾ ಹಾಡುತ್ತಿದ್ದರು. "ನೀರು ಬಿಸಿ ಇದ್ರೂ ಹಾಗೇ ಕಿರುಚ್ತಾರೆ, ತಣ್ಣಗಿದ್ರೂ ಹಾಗೇ ಕಿರುಚ್ತಾರೆ. ಒಳಗೆ ಏನಾಗಿದೆ ಅಂತ ನನಗೆ ಗೊತ್ತೇ ಆಗಲ್ಲ" ಎಂದು ಅತ್ತೆ ದೂರುತ್ತಿದ್ದರು.

"ಅಳಿಯಂದ್ರೆ," ಮಾವ ಕುರ್ಚಿಯನ್ನೇ ಹತ್ತಿರ ಎಳೆದುಕೊಂಡರು. "ನಂದೂ ಒಂದು ಹಾಡು ಅಲ್ಲಿ ಹಾಕ್ಸಿ. ದೊಡ್ಡ ವೇದಿಕೆ ಬೇಡ. ಯಾವುದಾದ್ರೂ ಮೂಲೆ ಸಾಕು."

"ರೀ, ಅವರ ಕೆಲಸಕ್ಕೆ ಕುತ್ತು ತರ್ಬೇಡಿ" ಎಂದರು ಅತ್ತೆ.

ರಾಯರು ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತಿದ್ದರೇನೋ. ಅಷ್ಟರಲ್ಲಿ ಡಾಕ್ಟರು ತುಟಿಯ ಒಂದೇ ಬದಿಯಲ್ಲಿ ನಕ್ಕು, "ಅಷ್ಟೆಲ್ಲ ಇವರ ಕೈಲಿ ಎಲ್ಲಾಗುತ್ತೆ ಬಿಡಿ ಮಾವ" ಎಂದುಬಿಟ್ಟರು.

"ಯಾಕಾಗಲ್ಲ?" ಎಂಬ ಮಾತು ಕೇಳಿಸಿತು. ಯಾರಪ್ಪ ಇಷ್ಟು ಧೈರ್ಯವಾಗಿ ಮಾತಾಡಿದ್ದು ಎಂದು ರಾಯರು ಸುತ್ತ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು.

ಮನೆಗೆ ಬಂದ ಮೇಲೆ ಹೆಂಡತಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. "ಅಪ್ಪನ್ನ ಹೇಗ್ರೀ ಹಾಡಿಸ್ತೀರಿ?"

"ಹಾಡಿಸಲ್ಲ ಕಣೆ. ನಕ್ಷೆಯಲ್ಲಿ ಸುಮ್ನೆ ಒಂದು ಚುಕ್ಕೆ ಇಟ್ಟು ಅವರಿಗೆ ತೋರಿಸ್ತೀನಿ. ಉತ್ಸವದ ದಿನ, ಗಾಳಿ ಜಾಸ್ತಿ ಇದೆ, ರದ್ದಾಯ್ತು ಅಂತೀನಿ. ಅವರಿಗೂ ಸಮಾಧಾನ, ನಮಗೂ ಸಮಾಧಾನ."

"ಗಾಳಿ ಇಲ್ದಿದ್ರೆ?"

ರಾಯರು ಅಷ್ಟು ದೂರ ಯೋಚಿಸಿರಲಿಲ್ಲ.

ಮೈದಾನದಲ್ಲಿ ಇದ್ದದ್ದು ಐದು ವೇದಿಕೆ. ರಾಯರು ಕೆರೆಯ ಏರಿಯ ಹತ್ತಿರ, ನೀರಿನ ಟ್ಯಾಂಕರ್ ನಿಲ್ಲುವ ಜಾಗದ ಹಿಂದೆ, ಹುಲ್ಲು ಬಿಟ್ಟರೆ ಏನೂ ಇಲ್ಲದ ಒಂದು ಮೂಲೆ ಹುಡುಕಿ ಅಲ್ಲಿ ಚುಕ್ಕೆ ಇಟ್ಟರು. "ಆರನೇ ವೇದಿಕೆ, ಮೊದಲ ದಿನ, ಸಂಜೆ ಐದಕ್ಕೆ, ಹಿರಿಯ ಗಾಯಕರು" ಎಂದು ಬರೆದರು. ಮಾವನ ಪಿಂಚಣಿ ಕಾರ್ಡಿನ ಫೋಟೊ ಅಂಟಿಸಿದರು. ಆ ಫೋಟೊದಲ್ಲಿ ಮಾವ ಲೋಕದ ಎಲ್ಲ ದುಃಖವನ್ನೂ ಕಂಡವರಂತೆ ಇದ್ದರು. ಪರಿಚಯದ ಸಾಲುಗಳನ್ನು ಮಾವನೇ ಫೋನಿನಲ್ಲಿ ನಿಲ್ಲಿಸಿ ನಿಲ್ಲಿಸಿ ಬರೆಸಿದರು:

"ಮೂರು ದಶಕ ಯಾರ ಕಣ್ಣಿಗೂ ಬೀಳದೆ ಕತ್ತಲ ಕೋಣೆಯಲ್ಲಿ ದನಿಯನ್ನು ಪಳಗಿಸಿದವರು. ಇವರ ದನಿ ಕಿವಿಗೆ ಬಿದ್ದರೆ ಜನ ಇದ್ದದ್ದೆಲ್ಲ ಬಿಟ್ಟು ಓಡುತ್ತಿದ್ದರು. ಇದುವರೆಗೆ ಒಂದು ಹಾಡನ್ನೂ ಧ್ವನಿಮುದ್ರಿಸಲು ಬಿಟ್ಟವರಲ್ಲ."

ಇದೂ ಅಕ್ಷರಶಃ ನಿಜವೇ. ಜನ ಓಡುತ್ತಿದ್ದದ್ದು ಬಸ್ಸಿಗೆ ಎಂಬುದನ್ನು ಮಾತ್ರ ಬರೆಸಲಿಲ್ಲ.

ಇನ್ನು ಇದನ್ನು ತಮ್ಮ ಮೊಬೈಲಿನಲ್ಲಿ ಮಾತ್ರ ಉಳಿಸಬೇಕಿತ್ತು. "ಉಳಿಸು" ಮತ್ತು "ಎಲ್ಲರಿಗೂ ಕಳಿಸು" ಎಂಬ ಎರಡು ಗುಂಡಿಗಳು ಪರದೆಯ ಕೆಳಗೆ ಅಕ್ಕಪಕ್ಕ ಇದ್ದವು. ಎರಡೂ ಹೆಬ್ಬೆರಳಿಗೆ ಎಟುಕಲಿ ಎಂದು ಹಾಗೆ ಅಕ್ಕಪಕ್ಕ ಕೂರಿಸಿದವರು ಸ್ವತಃ ರಾಯರೇ. ಎಡಗೈಯಲ್ಲಿ ಚಹಾದ ಲೋಟ ಹಿಡಿದಿದ್ದ ಅವರ ಬಲಹೆಬ್ಬೆರಳು ಎರಡರಲ್ಲಿ ಒಂದನ್ನು ಒತ್ತಿತು. ಯಾವುದನ್ನು ಎಂದು ಅವರು ನೋಡಲಿಲ್ಲ.

ಉತ್ಸವದ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಕೆಳಗಿನ ಮನೆಯ ಟೀಚರಮ್ಮ, ಕೈಯಲ್ಲಿ ಮೊಬೈಲು. "ನಿಮ್ಮ ತಂದೆ ಇಷ್ಟು ದೊಡ್ಡ ಗಾಯಕರು ಅಂತ ಒಂದು ಮಾತೂ ಹೇಳ್ಲಿಲ್ವಲ್ಲ! ಒಳಗೆ ಬಿಡೋಕೆ ಪಾಸ್ ಏನಾದ್ರೂ ಬೇಕಾ ಅಲ್ಲಿಗೆ?" ಎಂದು ರಾಯರ ಹೆಂಡತಿಯನ್ನು ಕೇಳಿದರು.

ಹೆಂಡತಿ ಗಂಡನ ಕಡೆ ತಿರುಗಿದಳು. ರಾಯರು ಟೀಚರಮ್ಮನ ಮೊಬೈಲಿನಲ್ಲಿ ಆರನೇ ಚುಕ್ಕೆ ಕಂಡರು. ತಕ್ಷಣ ಕಚೇರಿಯ ಸಹೋದ್ಯೋಗಿಗೆ ಫೋನು ಹಚ್ಚಿದರು. ನಕ್ಷೆಯನ್ನು ಜನರಿಗೆ ಬಿಡುಗಡೆ ಮಾಡುವ ಕೆಲಸ ಆ ಹೆಣ್ಣುಮಗಳದ್ದು.

"ಆರನೇ ವೇದಿಕೇನಾ ಸಾರ್? ನೋಡಿದೆ. ನೀವು ಬೂದು ಬಣ್ಣ ಇಟ್ಟಿದ್ರಿ, ಎದ್ದು ಕಾಣ್ತಿರ್ಲಿಲ್ಲ. ನಾನೇ ನೇರಳೆ ಮಾಡಿದೆ. ಚೆನ್ನಾಗಿದೆ ಅಲ್ವಾ?"

"ತೆಗಿಯಮ್ಮಾ! ಈಗಲೇ ತೆಗಿ!"

"ಆಗಲ್ಲ ಸಾರ್. ಇದನ್ನ ಕಳಿಸಿದ ಮೇಲೆ ಶೌಚಾಲಯದ ಬಣ್ಣಾನ ನೀವು ಮೂರು ಸಲ ಬದಲಾಯಿಸಿದ್ರಿ ನೋಡಿ, ಅವತ್ತೇ ಉತ್ಸವದ ನಿರ್ದೇಶಕರು ನಕ್ಷೆಗೆ ಬೀಗ ಹಾಕಿಸಿಬಿಟ್ರು. ಅವರೇ ಬಾಯಿಬಿಟ್ಟು ಹೇಳೋವರೆಗೂ ಒಂದು ಚುಕ್ಕೇನೂ ಅಲ್ಲಾಡಿಸೋ ಹಾಗಿಲ್ಲ."

ನಿರ್ದೇಶಕರ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವುದೊಂದೇ ದಾರಿ ಎಂದು ರಾಯರು ತೀರ್ಮಾನಿಸಿದರು. ಕೆಲಸ ಹೋಗುವುದು ಖಂಡಿತ. ಕೆಲಸ ಹೋದ ಸುದ್ದಿ ಡಾಕ್ಟರಿಗೆ ತಲುಪುವುದು ಇನ್ನೂ ಖಂಡಿತ. ಆದರೂ ತಲೆಗೆ ಟೋಪಿ ಹಾಕಿಕೊಂಡು ಮೈದಾನಕ್ಕೆ ಹೊರಟರು.

ಗೇಟು ದಾಟುತ್ತಿದ್ದಂತೆ ಅವರ ಕೊರಳಿನ ಗುರುತಿನ ಚೀಟಿ ನೋಡಿ ಒಬ್ಬರು ಹಿಡಿದು ನಿಲ್ಲಿಸಿದರು. ಅವರು ಉತ್ಸವದ ವಿದ್ಯುತ್ ಎಂಜಿನಿಯರು. ಹೆಗಲ ಮೇಲೆ ತಂತಿಯ ಸುರುಳಿ, ಹಣೆಯ ಮೇಲೆ ಬೆವರು.

"ನಕ್ಷೆಯವರು ನೀವೇ ಅಲ್ವಾ? ಆರನೇ ವೇದಿಕೆಯ ಹತ್ರ ಈಗ ಏನಿದೆ, ನಿಜ ಹೇಳಿ."

ರಾಯರಿಗೆ ಸಮಾಧಾನವಾಯಿತು. ಸತ್ಯ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? "ಅಲ್ಲಿ ಏನೂ ಇಲ್ಲ ಸಾರ್" ಎಂದರು.

"ಅದೇ ನಾನು ಬೆಳಿಗ್ಗೆಯಿಂದ ಬಡ್ಕೋತಿರೋದು!" ಎಂಜಿನಿಯರು ಹಿಂದಿದ್ದ ಕೆಲಸಗಾರರ ಕಡೆ ತಿರುಗಿದರು. "ಕೇಳಿದ್ರೇನ್ರಪ್ಪ? ಅಲ್ಲಿ ಏನೂ ಇಲ್ವಂತೆ! ನಕ್ಷೆಯವರೇ ಬಂದು ದೂರು ಕೊಡೋ ಪರಿಸ್ಥಿತಿ! ಒಂದು ದೀಪ ಇಲ್ಲ, ಒಂದು ಸ್ಪೀಕರ್ ಇಲ್ಲ, ಸಂಜೆ ಆ ದೊಡ್ಡ ಮನುಷ್ಯ ಬಂದು ನಿಂತ್ರೆ ನನ್ನ ಮುಖ ಎಲ್ಲಿಡ್ಲಿ? ಎತ್ರೋ ಜನರೇಟರ್ನ!"

"ಸಾರ್, ನಾನು ಹೇಳಿದ್ದು ಏನಂದ್ರೆ..."

"ಗೊತ್ತಾಯ್ತು ಬಿಡಿ. ನಿರ್ದೇಶಕರಿಗೆ ಮಾತ್ರ ಹೇಳ್ಬೇಡಿ. ಮಧ್ಯಾಹ್ನದೊಳಗೆ ಎಲ್ಲ ಸರಿ ಮಾಡಿಕೊಡ್ತೀನಿ" ಎಂದು ರಾಯರ ಕೈ ಕುಲುಕಿ ಅವರು ಓಡಿದರು. ಒಂದು ಜನರೇಟರು, ನಾಲ್ಕು ಸ್ಪೀಕರುಗಳು, ಹುಲ್ಲಿನ ಮೇಲೆ ಸರಸರ ಹರಿಯುವ ತಂತಿಗಳು ಕೆರೆಯ ಏರಿಯ ಕಡೆ ಹೊರಟದ್ದನ್ನು ರಾಯರು ಬಾಯಿಬಿಟ್ಟು ನೋಡಿದರು.

ನಿರ್ದೇಶಕರನ್ನು ಹುಡುಕುವುದೇ ಒಂದು ಕೆಲಸವಾಯಿತು. ತಾವೇ ಮಾಡಿದ ನಕ್ಷೆಯನ್ನು ನೋಡಿಕೊಂಡು ರಾಯರು ಕಚೇರಿಯ ಡೇರೆಗೆ ಹೊರಟು ಎರಡು ಸಲ ಬಿಸ್ಕತ್ತಿನ ಅಂಗಡಿಗೆ ತಲುಪಿದರು. ಎರಡನೆಯ ಸಲ ಅಲ್ಲಿ ಒಬ್ಬ ದಪ್ಪ ಮನುಷ್ಯ ಅವರನ್ನು ಅಪ್ಪಿಕೊಂಡ. ಶೌಚಾಲಯದ ಗುತ್ತಿಗೆದಾರ. ಪ್ಲಾಸ್ಟಿಕ್ಕಿನ ಶೌಚಾಲಯಗಳನ್ನು ತಂದು ನಿಲ್ಲಿಸುವುದು ಅವನ ಕಸುಬು.

"ದೇವರ ಹಾಗೆ ಬಂದ್ರಿ ಸಾರ್! ತಂದಿದ್ದೆಲ್ಲ ಇಡೋಕೆ ಜಾಗ ಇಲ್ದೆ ಅರ್ಧ ಲಾರಿ ಹಾಗೇ ನಿಂತಿತ್ತು. ಆರನೇ ವೇದಿಕೆ ಅಂತ ಒಂದು ಕೊಟ್ರಲ್ಲ, ಎಲ್ಲಾ ಅಲ್ಲೇ ನಿಲ್ಲಿಸಿದೀನಿ. ಸಾಲಾಗಿ ಹೇಗೆ ನಿಂತಿವೆ ಗೊತ್ತಾ? ಕಣ್ತುಂಬ ನೋಡ್ಬೇಕು!"

"ಅಯ್ಯೋ, ಯಾರು ಹೇಳಿದ್ರು ನಿಲ್ಸೋಕೆ?"

"ಯಾರು ಹೇಳ್ಬೇಕು ಸಾರ್? ನಕ್ಷೆಯಲ್ಲಿದೆಯಲ್ಲ!"

ಭದ್ರತೆಯ ಅಧಿಕಾರಿಯೂ ಅಲ್ಲೇ ಬಿಸ್ಕತ್ತು ತಿನ್ನುತ್ತ ನಿಂತಿದ್ದರು. ನಿವೃತ್ತ ಸೈನಿಕರು, ಮೀಸೆಯನ್ನೂ ಸಾವಧಾನ ಸ್ಥಿತಿಯಲ್ಲಿ ನಿಲ್ಲಿಸಿದವರು. ಅವರು ಬಿಸ್ಕತ್ತನ್ನು ಜೇಬಿಗೆ ಹಾಕಿಕೊಂಡು ರಾಯರ ಮುಂದೆ ಬಂದು ನಿಂತರು.

"ಆ ಗಾಯಕರಿಗೆ ಜೀವಬೆದರಿಕೆ ಏನಾದ್ರೂ ಇದೆಯಾ?"

"ಇಲ್ಲ ಸಾರ್! ಅವರು ನಮ್ಮ..."

"ಮೂವತ್ತು ವರ್ಷ ಕತ್ತಲ ಕೋಣೆಯಲ್ಲಿ ಅಡಗಿದ್ರು ಅಂತ ಬರೆದಿದೆ. ಸುಮ್ಸುಮ್ನೆ ಯಾರಾದ್ರೂ ಅಡಗ್ತಾರಾ?"

"ಅದು ಅವರ ಕೆಲಸ ಸಾರ್."

ಅಧಿಕಾರಿ ಸುತ್ತ ನೋಡಿ ದನಿ ತಗ್ಗಿಸಿದರು. "ಗೊತ್ತಾಯ್ತು. ಇನ್ನು ಏನೂ ಹೇಳ್ಬೇಡಿ. ಕೇಳಲ್ಲ, ಕೇಳ್ಬಾರ್ದು. ಹನ್ನೆರಡು ಜನ ಕಾವಲಿನವರನ್ನ ಅಲ್ಲಿ ಹಾಕ್ತೀನಿ."

ಮಧ್ಯಾಹ್ನದ ಹೊತ್ತಿಗೆ ನಿರ್ದೇಶಕರು ಸಿಕ್ಕರು. ಬಿಳಿ ಅಂಗಿಯ ತೆಳ್ಳನೆಯ ಮನುಷ್ಯ. ಎರಡು ಕಿವಿಗೆ ಎರಡು ಫೋನು, ಎದುರಿಗೆ ಒಂದೇ ಸಮನೆ ಮಾತಾಡುವ ಏಳೆಂಟು ಜನ. ರಾಯರು ಜನರ ನಡುವೆ ನುಸುಳಿ, ಕಣ್ಣು ಮುಚ್ಚಿ, ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು: "ಸಾರ್, ಆರನೇ ವೇದಿಕೆ ಇಲ್ಲ!"

ನಿರ್ದೇಶಕರು ಎರಡು ಫೋನನ್ನೂ ಕೆಳಗಿಟ್ಟರು.

"ಇಲ್ಲ ಅಂದ್ರೇನ್ರೀ?"

"ಇಲ್ಲ ಸಾರ್. ಹಲಗೆ ಇಲ್ಲ, ಮೆಟ್ಟಿಲಿಲ್ಲ, ಮೇಲೆ ಚಪ್ಪರ ಇಲ್ಲ. ಬರೀ ಹುಲ್ಲು."

ನಿರ್ದೇಶಕರು ಒಂದು ಕ್ಷಣ ರಾಯರನ್ನು ನೋಡಿದರು. ಸುತ್ತಲಿದ್ದ ಏಳೆಂಟು ಜನರನ್ನೂ ನೋಡಿದರು. ಅವರ ಮುಖದ ಮೇಲೆ ಏನೋ ಒಂದು ಬಂದು ಹಾದುಹೋಯಿತು, ಏನೆಂದು ರಾಯರಿಗೆ ತಿಳಿಯಲಿಲ್ಲ. ಆಮೇಲೆ ನಿರ್ದೇಶಕರು ಮೇಜು ಗುದ್ದಿದರು.

"ಇಲ್ಲ ಅಂತ ನನಗೆ ಬಂದು ಹೇಳೋಕೆ ನಿಮಗೆ ನಾಚಿಕೆ ಆಗಲ್ವಾ? ನಾಲ್ಕು ಗಂಟೆಯೊಳಗೆ ಇರ್ಬೇಕು! ಎಲ್ರೀ ಬಡಗಿಗಳು? ನಡೀರಿ ಎಲ್ಲರೂ! ನಕ್ಷೆಯವರೇ, ನೀವೇ ಮುಂದೆ ನಿಂತು ಮಾಡಿಸಿ!"

ಹೀಗಾಗಿ, ಇಲ್ಲದ ವೇದಿಕೆಯನ್ನು ಅಳಿಸಲು ಹೋದ ರಾಯರು ಅದರ ಮೊಳೆ ಎಣಿಸುತ್ತ ಮಧ್ಯಾಹ್ನ ಕಳೆಯಬೇಕಾಯಿತು. ಬಡಗಿಗಳು ಹಲಗೆ ಜೋಡಿಸಿದರು. ಎಂಜಿನಿಯರು ದೀಪ ಕಟ್ಟಿದರು. ಬಣ್ಣದ ಬಟ್ಟೆಯವರು ಬಂದು, "ಗಾಯಕರಿಗೆ ಯಾವ ಬಣ್ಣ ಇಷ್ಟ?" ಎಂದು ರಾಯರನ್ನೇ ಕೇಳಿದರು. ರಾಯರಿಗೆ ಬಾಯಿಗೆ ಬಂದದ್ದು ಬಸ್ಸಿನ ಬಣ್ಣ. ವೇದಿಕೆಯ ಹಿಂದೆ ಕೆಂಪು ಪರದೆ ಇಳಿಯಿತು. ಎಲ್ಲ ಮುಗಿದ ಮೇಲೆ ದೂರ ನಿಂತು ನೋಡಿದರೆ, ಉಳಿದ ಐದಕ್ಕಿಂತ ಇದೇ ಚೆನ್ನಾಗಿತ್ತು. ಕೆರೆ ಹತ್ತಿರ, ತಣ್ಣನೆ ಗಾಳಿ, ಸಾಲು ಸಾಲು ಶೌಚಾಲಯ. ರಾಯರಿಗೆ ಭಯದ ನಡುವೆಯೂ ಒಂದು ಬಗೆಯ ಹೆಮ್ಮೆ ಹುಟ್ಟಿತು. ತಾನು ಇಟ್ಟ ಚುಕ್ಕೆಯ ಮೇಲೆ ಹತ್ತಿ ನಿಲ್ಲುವ ಭಾಗ್ಯ ಎಷ್ಟು ಜನ ನಕ್ಷೆಗಾರರಿಗೆ ಸಿಕ್ಕೀತು?

ಜನ ನಾಲ್ಕರಿಂದಲೇ ಸೇರತೊಡಗಿದರು. ಹೆಸರು ಹೇಳದ ಗಾಯಕ, ಧ್ವನಿಮುದ್ರಣಕ್ಕೆ ಒಪ್ಪದ ಗಾಯಕ, ಅದರ ಮೇಲೆ ಆ ಫೋಟೊ. ಹುಲ್ಲಿನ ಮೇಲೆ ಕೂತವರ ಮಾತು ರಾಯರ ಕಿವಿಗೆ ಬೀಳುತ್ತಿತ್ತು.

"ನಮ್ಮ ತಾತ ಇವರ ದನಿ ಕೇಳಿದ್ರಂತೆ. ಒಂದೇ ಸಲ. ಅದಾದ್ಮೇಲೆ ಬೇರೆ ಯಾರ ಹಾಡೂ ರುಚಿಸ್ಲಿಲ್ವಂತೆ."

"ನಾನೂ ಕೇಳಿದೀನಿ ಅನ್ಸುತ್ತೆ ಕಣ್ರೀ. ಎಲ್ಲಿ ಅಂತ ನೆನಪಾಗ್ತಿಲ್ಲ. ಆ ದನಿ ಮಾತ್ರ ಮರೆಯೋ ಹಾಗಿಲ್ಲ."

ಈ ಎರಡನೆಯವನು ದಿನಾ ಬಸ್ಸಿಗೆ ಹೋಗುತ್ತಿದ್ದವನಿರಬೇಕು.

ಐದಕ್ಕೆ ಸ್ವಲ್ಪ ಮುಂಚೆ ಬಂಧುಬಳಗ ಬಂದಿಳಿಯಿತು. ಮಾವ ಹೊಸ ಅಂಗಿ ತೊಟ್ಟಿದ್ದರು. ಕಾವಲಿನ ಹನ್ನೆರಡು ಜನ ಸುತ್ತುಗಟ್ಟಿ ಅವರನ್ನು ವೇದಿಕೆಯ ಹಿಂದಕ್ಕೆ ಕರೆತಂದರು. ಡಾಕ್ಟರನ್ನು ಮಾತ್ರ ಒಳಗೆ ಬಿಡಲಿಲ್ಲ. "ನಾನು ಗಾಯಕರ ಹಿರಿ ಅಳಿಯ" ಎಂದು ಅವರು ಎಷ್ಟು ಹೇಳಿದರೂ ಭದ್ರತೆಯ ಅಧಿಕಾರಿ, "ಬೆಳಿಗ್ಗೆಯಿಂದ ನೀವು ಒಂಬತ್ತನೇ ಅಳಿಯ" ಎಂದು ತಳ್ಳಿದರು. ಕೊನೆಗೆ ರಾಯರು ಹೋಗಿ, "ಇವರು ನಮ್ಮವರೇ, ಬಿಡಿ" ಎಂದು ಕೈಹಿಡಿದು ಕರೆದುಕೊಂಡು ಬಂದರು. ಡಾಕ್ಟರು ಏನೂ ಮಾತಾಡಲಿಲ್ಲ. ಆ ಮೌನ ರಾಯರಿಗೆ ಬಹಳ ಇಂಪಾಗಿ ಕೇಳಿಸಿತು.

ಆದರೆ ಮಾವ ಪರದೆಯ ಸಂದಿನಿಂದ ಹೊರಗೆ ಇಣುಕಿದ್ದೇ ತಡ, ಎರಡು ಹೆಜ್ಜೆ ಹಿಂದಕ್ಕೆ ಬಂದುಬಿಟ್ಟರು.

"ಅಳಿಯಂದ್ರೆ, ಇಷ್ಟು ಜನ ಯಾಕೆ ಬಂದಿದಾರೆ?"

"ನಿಮ್ಮ ಹಾಡು ಕೇಳೋಕೆ ಮಾವ."

"ಎಲ್ಲರೂ ನನ್ನೇ ನೋಡ್ತಾರಾ?"

"ಹೌದಲ್ವಾ ಮತ್ತೆ?"

"ನನ್ನ ಕೋಣೆಗೆ ಕಿಟಕೀನೇ ಇರ್ಲಿಲ್ಲ ಕಣ್ರೀ!" ಮಾವ ರಾಯರ ತೋಳು ಹಿಡಿದುಕೊಂಡರು. "ಒಬ್ಬನ ಮುಖಾನೂ ನೋಡ್ದೆ ಕೆಲ್ಸ ಮಾಡಿದವನು ನಾನು. ಇಳ್ಸಿ. ಮನೆಗೆ ಹೋಗೋಣ. ಗಾಳಿ ಜಾಸ್ತಿ ಇದೆ ಅಂತ ಹೇಳ್ಬಿಡಿ!"

ರಾಯರಿಗೆ ಮೊದಲ ಸಲ ಮಾವನನ್ನು ನೋಡಿ ಅಯ್ಯೋ ಅನ್ನಿಸಿತು. ಬೆನ್ನು ಸವರಿ, "ಮಾವ, ಕಣ್ಣು ಮುಚ್ಚಿಕೊಳ್ಳಿ, ಕೋಣೆಯಲ್ಲೇ ಇದೀರಿ ಅಂದ್ಕೊಳ್ಳಿ. ಒಂದೇ ಹಾಡು" ಎಂದರು. ಇದು ಒಳ್ಳೆಯ ಮನಸ್ಸಿನಿಂದ ಕೊಟ್ಟ ಸಲಹೆ. ಅಷ್ಟರಲ್ಲಿ ಎಂಜಿನಿಯರು ದೀಪ ಹಾಕಿಬಿಟ್ಟರು, ಪರದೆ ಸರಿಯಿತು, ಕಾವಲಿನವರು ಮಾವನನ್ನು ಮೈಕಿನ ಮುಂದೆ ತಂದು ನಿಲ್ಲಿಸಿದರು.

ಜನ ಚಪ್ಪಾಳೆ ತಟ್ಟಿದರು. ಮಾವ ಕಣ್ಣು ಮುಚ್ಚಿದರು, ಕೋಣೆಯಲ್ಲೇ ಇದ್ದೇನೆ ಅಂದುಕೊಂಡರು. ಬಾಯಿ ತೆರೆದರು.

"ಪ್ರಯಾಣಿಕರ ಗಮನಕ್ಕೆ" ಎಂದಿತು ಅವರ ಬಾಯಿ.

ರಾಯರು ಪರದೆಯ ಹಿಂದೆ ತಲೆಯ ಮೇಲೆ ಕೈಹೊತ್ತು ಕುಕ್ಕರಿಸಿದರು. ಮಾವನಿಗೆ ಬಾಯಿ ಏನನ್ನುತ್ತಿದೆ ಎಂದು ಗೊತ್ತಾಗುತ್ತಿತ್ತು, ಆದರೆ ಹಿಡಿತಕ್ಕೆ ಬರುತ್ತಿರಲಿಲ್ಲ.

"ಪ್ಲಾಟ್‌ಫಾರ್ಮ್ ನಾಲ್ಕರಿಂದ ಹೊರಡಬೇಕಾಗಿದ್ದ ಬಸ್ಸು ತಡವಾಗಿ ಹೊರಡಲಿದೆ. ದಯವಿಟ್ಟು ನಿಮ್ಮ ಸಾಮಾನುಗಳನ್ನು ನೀವೇ ನೋಡಿಕೊಳ್ಳಿ."

ಎಲ್ಲಿಂದಲೋ ಒಂದು ನಗು ಎದ್ದಿತು. ಇನ್ನೊಂದು ಕಡೆ ಯಾರೋ, "ಅದೇ ದನಿ! ನಾನು ಹೇಳ್ಲಿಲ್ವಾ, ಅದೇ ದನಿ ಕಣ್ರೀ!" ಎಂದು ಕೂಗಿದರು. ಒಂದಿಬ್ಬರು ಅಭ್ಯಾಸಬಲದಿಂದ ಚೀಲ ಎತ್ತಿಕೊಂಡು ಎದ್ದು ನಿಂತರು. ವೇದಿಕೆಯ ಕೆಳಗೆ ಮೊದಲ ಸಾಲಿನಲ್ಲಿ ಕೂತಿದ್ದ ಅತ್ತೆಗೆ ಮಾತ್ರ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದರು.

"ಏನ್ರೀ ಇದು? ಹಾಡಿ ಅಂದ್ರೆ ಬಸ್ ಬಿಡ್ತಾ ಇದೀರಲ್ಲ! ಮನೇಲಿ ಬಾಯಿ ಮುಚ್ಚಿ ಅಂದ್ರೆ ಹಾಡ್ತೀರಿ, ಇಲ್ಲಿ ಹಾಡಿ ಅಂದ್ರೆ ಹೀಗಾ?"

ಮೈದಾನ ಗೊಳ್ಳೆಂದಿತು. ಎಂಜಿನಿಯರ ಕೆಲಸಗಾರನೊಬ್ಬ, ಇದೂ ಕಾರ್ಯಕ್ರಮದ ಭಾಗವೇ ಇರಬೇಕು ಎಂದುಕೊಂಡು ಓಡಿಬಂದು ಇನ್ನೊಂದು ಮೈಕನ್ನು ಅತ್ತೆಯ ಬಾಯಿಗೇ ಹಿಡಿದ. ಮಾವ ಕಣ್ಣು ತೆರೆದು, ಅಷ್ಟು ಜನರ ನಡುವೆ ಒಂದೇ ಒಂದು ಗುರುತಿನ ಮುಖ ಕಂಡು, ದಡ ಸಿಕ್ಕವರಂತೆ ಮೈಕಿನಲ್ಲೇ ಕೇಳಿದರು: "ಮರ್ತುಹೋಯ್ತು ಕಣೇ. ಮೊದಲನೇ ಸಾಲು ಏನು?"

"ಯಾವ ಹಾಡಿಂದು?"

"ಯಾವುದಾದ್ರೂ!"

ಅತ್ತೆ ಮೈಕನ್ನು ತಾವೇ ಹಿಡಿದುಕೊಂಡರು. ಆಮೇಲೆ, ಬೇರೆ ಏನೂ ತೋಚದೆ, ಮಾವ ರಾತ್ರಿ ಪಾಳಿಗೆ ಹೋದಾಗ ತಾವೊಬ್ಬರೇ ಇಬ್ಬರು ಹೆಣ್ಣುಮಕ್ಕಳನ್ನು ಮಲಗಿಸಲು ಕಟ್ಟಿಕೊಂಡಿದ್ದ ಹಾಡನ್ನು ನಿಂತಲ್ಲೇ ಎತ್ತಿಕೊಂಡರು:

"ನಿದ್ದೆ ಬಂತು ಬಾಗಿಲಿಗೆ, ಕಾಲು ತೊಳೆಯೋ ಅನ್ನಿರೇ,
ಕಂದನ ಕಣ್ಣು ಖಾಲಿ ಇದೆ, ಬಂದು ಕೂರು ಅನ್ನಿರೇ."

ಗಂಟಲು ಸ್ವಲ್ಪ ಒಡಕು, ಆದರೆ ಶ್ರುತಿ ನೆಟ್ಟಗಿತ್ತು. ನಗುತ್ತಿದ್ದವರು ನಗು ನಿಲ್ಲಿಸಿದರು. ಈ ಹಾಡನ್ನು ಮಾವ ಒಮ್ಮೆಯೂ ಕೇಳಿರಲಿಲ್ಲ; ಅದನ್ನು ಹಾಡುವ ಹೊತ್ತಿಗೆ ಅವರು ಬೇರೆಯವರ ಬಸ್ಸುಗಳನ್ನು ಕಳಿಸುತ್ತಿದ್ದರು. ಅತ್ತೆ ಒಂದು ಸಾಲು ಹಾಡಿದರೆ ಮಾವ ಅದನ್ನೇ ಮೆಲ್ಲಗೆ ತಿರುಗಿ ಹೇಳಿದರು. ಹಾಡುವ ಹಟ ಬಿಟ್ಟು ಬರೀ ಹೇಳಿದಾಗ ಆ ದಪ್ಪ ದನಿ ಎಷ್ಟು ಚೆನ್ನಾಗಿದೆ ಎಂಬುದು ಎಲ್ಲರಿಗೂ ಅವತ್ತೇ ಗೊತ್ತಾದದ್ದು. ಎಡವಿದಲ್ಲೆಲ್ಲ ಅತ್ತೆ ಕೆಳಗಿನಿಂದ, "ಅದಲ್ಲ, ಇನ್ನೊಂದ್ಸಲ" ಎಂದು ಮೈಕಿನಲ್ಲೇ ತಿದ್ದಿದರು. ಮೂರನೇ ನುಡಿಗೆ ಮೈದಾನವೆಲ್ಲ ದನಿಗೂಡಿಸಿತು. ರಾಯರ ಹೆಂಡತಿಯೂ ಅವಳ ಅಕ್ಕನೂ ಒಬ್ಬರ ಹೆಗಲಿಗೊಬ್ಬರು ಒರಗಿ ಅಳುತ್ತಿದ್ದರು. ಭದ್ರತೆಯ ಅಧಿಕಾರಿ ಕಣ್ಣಿಗೆ ಏನೋ ಬಿತ್ತೆಂದು ಆ ಕಡೆ ತಿರುಗಿ ನಿಂತರು. ಡಾಕ್ಟರು ಪಕ್ಕದವರಿಗೆ, "ನಮ್ಮ ಅತ್ತೆ. ಹಲ್ಲೆಲ್ಲ ಸ್ವಂತದ್ದು" ಎಂದು ಹೇಳುತ್ತಿದ್ದರು.

ಹಾಡು ಮುಗಿದ ಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ಮಾವ ಈಗ ಧೈರ್ಯ ತಂದುಕೊಂಡು ಇನ್ನೊಂದು ಹಾಡಿಗೆ ಗಂಟಲು ಸರಿಮಾಡಿಕೊಂಡರು. ಅತ್ತೆ, "ಸಾಕು, ಇಳೀರಿ" ಎಂದರು. ಆ ಮಾತಿಗೂ ಚಪ್ಪಾಳೆ ಬಿತ್ತು.

ಆ ಗದ್ದಲದಲ್ಲೇ ರಾಯರಿಗೆ ಕರೆ ಬಂತು, ನಿರ್ದೇಶಕರು ಕರೆಯುತ್ತಿದ್ದಾರೆ ಎಂದು.

ಡೇರೆಯಲ್ಲಿ ನಿರ್ದೇಶಕರು ಒಬ್ಬರೇ ಇದ್ದರು. ಫೋನುಗಳೆರಡೂ ಮಗುಚಿ ಮಲಗಿದ್ದವು. ರಾಯರು ಈ ಸಲ ತಪ್ಪಿಸಿಕೊಳ್ಳಲು ಹೋಗಲಿಲ್ಲ. ಭಾನುವಾರದ ಮಾತು, ಡಾಕ್ಟರ ನಗು, ಹೆಬ್ಬೆರಳು, ಬಸ್ ನಿಲ್ದಾಣ, ಒಂದನ್ನೂ ಮುಚ್ಚಿಡದೆ ಹೇಳಿ, ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟರು.

ನಿರ್ದೇಶಕರು ಎದ್ದು ಹೋಗಿ ಡೇರೆಯ ಬಾಗಿಲಿನ ಬಟ್ಟೆ ಇಳಿಬಿಟ್ಟು ಬಂದರು.

"ನನಗೆ ಮಧ್ಯಾಹ್ನಾನೇ ಗೊತ್ತಿತ್ತು ಕಣ್ರೀ. ಐದು ವೇದಿಕೆಗೆ ಸಹಿ ಹಾಕಿದವನು ನಾನೇ ಅಲ್ವಾ? ಬೆಳಿಗ್ಗೆಯಿಂದ ಒಬ್ಬೊಬ್ಬರೇ ಬಂದು, ಆರನೇದರ ಕೆಲಸ ನಡೀತಿದೆ ಸಾರ್, ಅಂತಿದ್ರು. ಅದು ಯಾವುದಪ್ಪಾ ಅಂತ ನಿರ್ದೇಶಕನಾದ ನಾನು ಕೇಳೋಕಾಗುತ್ತಾ? ಎಲ್ಲರ ಮುಂದೆ ನೀವು ಬಂದು ಇಲ್ಲ ಅಂದಾಗ ನನ್ನ ಜೀವವೇ ಬಾಯಿಗೆ ಬಂದಿತ್ತು. ಓಹೋ, ಅಂಥದ್ದು ಇಲ್ವಾ ಅಂತ ನಾನು ಅಂದಿದ್ರೆ ನನ್ನ ಬಂಡವಾಳ ಬಯಲಾಗ್ತಿತ್ತು. ಅದಕ್ಕೇ ಮೇಜು ಗುದ್ದಿದ್ದು. ಕೈ ಇನ್ನೂ ನೋಯ್ತಿದೆ."

ಅವರು ಗುರುತಿನ ಚೀಟಿಯನ್ನು ರಾಯರ ಕಡೆಗೇ ತಳ್ಳಿದರು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು.

"ನಮ್ಮ ಮಾವನೂ ಕೊಳಲು ಊದ್ತಾರೆ."

"ಓಹೋ, ಹೌದಾ ಸಾರ್?"

"ಊದ್ತಾರೆ ಅಂದ್ರೆ, ಅವರು ಊದೋದು ನಿಜ. ಶಬ್ದ ಬರೋದು ಅಪರೂಪ. ಮೂರು ವರ್ಷದಿಂದ ನನ್ನ ತಲೆ ತಿಂತಿದಾರೆ. ನಾಳೆ ಬೆಳಿಗ್ಗೆ ನಕ್ಷೆಯ ಬೀಗ ತೆಗೆಸ್ತೀನಿ. ಅದೇ ವೇದಿಕೆಯಲ್ಲಿ, ಯಾರೂ ಬರದ ಹೊತ್ತಿಗೆ, ಒಂದು ಸಣ್ಣ ಚುಕ್ಕೆ ಇಟ್ಟುಬಿಡ್ತೀರಾ?"

ರಾಯರು ಗುರುತಿನ ಚೀಟಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. ಕೆಲಸ ಉಳಿದಿತ್ತು. ಆದರೂ ಅವತ್ತಿನ ಅನುಭವದ ಮೇಲೆ ಒಂದು ಮಾತು ಹೇಳದೆ ಇರಲಾಗಲಿಲ್ಲ. "ಇಡ್ತೀನಿ ಸಾರ್. ಆದ್ರೆ ಚುಕ್ಕೆ ಇಟ್ಟ ಮೇಲೆ ಯಾರೂ ಬರದ ಹಾಗೆ ನೋಡಿಕೊಳ್ಳೋದು ನನ್ನ ಕೈಲಿಲ್ಲ."

ನಿರ್ದೇಶಕರು ಗಲ್ಲ ಕೆರೆದುಕೊಂಡು ಬಹಳ ಯೋಚಿಸಿದರು.

"ಹಾಗಿದ್ರೆ ನಿಮ್ಮ ಅತ್ತೆಯವರನ್ನೂ ಕರ್ಕೊಂಡು ಬನ್ನಿ. ಅವರು ಕೆಳಗೆ ನಿಂತಿದ್ರೆ ಸಾಕು."

ರಾಯರು ಹೊರಗೆ ಬಂದರು. ವೇದಿಕೆಯ ಮೆಟ್ಟಿಲಿನ ಮೇಲೆ ಮಾವ ಕೂತು, ಬಂದವರಿಗೆಲ್ಲ ಬಸ್ಸಿನ ವೇಳೆ ಹೇಳುತ್ತಿದ್ದರು. ಅತ್ತೆ ಪಕ್ಕದಲ್ಲಿ ಚಹಾ ಆರಿಸಿಕೊಂಡು ಕುಡಿಯುತ್ತಿದ್ದರು. ರಾಯರು ಬಗ್ಗಿ, ನಿರ್ದೇಶಕರ ಮಾವನ ವಿಷಯವನ್ನೂ ಕೊಳಲಿನ ವಿಷಯವನ್ನೂ ವಿನಯದಿಂದ ತಿಳಿಸಿದರು.

ಅತ್ತೆ ಲೋಟ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಬರ್ತೀನಿ ಅಂತ ಹೇಳಿ ಅಳಿಯಂದ್ರೆ. ಆದ್ರೆ ಕೆಳಗೆ ನಿಂತು ನಿಂತು ನನ್ನ ಕತ್ತು ನೋಯ್ತಿದೆ. ನಾಳೆ ಮೇಲೆ ನಾನು ನಿಂತ್ಕೋತೀನಿ. ಆ ಯಜಮಾನ್ರು ಕೆಳಗೆ ನಿಂತು ಊದ್ಲಿ."